ಅಚ್ಚಾದ ಮೇಲಿನ ಪರಿಶೀಲನೆ: ಸಂಶೋಧನಾ ಪತ್ರಿಕೆಗಳ ತಿದ್ದುಪಡಿ ಕ್ರಮ

ಪ್ರಬಂಧ ಅಚ್ಚಾದ ಮಾತ್ರಕ್ಕೆ ಅದರ ಪರಿಶೀಲನೆ ಮುಗಿಯುವುದಿಲ್ಲ. ಓದಿದ ವಿಜ್ಞಾನಿಗಳು ಸಂಪಾದಕರಿಗೆ ಪತ್ರ ಬರೆದು ಆಕ್ಷೇಪ ಎತ್ತುತ್ತಾರೆ. ಲೇಖಕರಿಗೆ ಉತ್ತರಿಸುವ ಅವಕಾಶವಿರುತ್ತದೆ. ಅನೇಕ ಪತ್ರಿಕೆಗಳಲ್ಲಿ ಪ್ರಕಾಶಕರ ತಪ್ಪಿನ ತಿದ್ದುಪಡಿಗೆ ಎರಾಟಮ್, ಲೇಖಕರ ತಪ್ಪಿನದಕ್ಕೆ ಕೊರಿಜೆಂಡಮ್ ಎಂದು ಹೆಸರು. ಗಂಭೀರ ಅನುಮಾನವಿದ್ದು ತನಿಖೆ ಮುಗಿಯದಿದ್ದರೆ ಸಂಪಾದಕರು ಕಳವಳ ಸೂಚನೆ ಪ್ರಕಟಿಸಬಹುದು. ಫಲಿತಾಂಶವನ್ನೇ ನಂಬಲಾಗದಿದ್ದರೆ ಪ್ರಬಂಧವನ್ನು ಹಿಂಪಡೆಯುತ್ತಾರೆ; ಇದು ರಿಟ್ರಾಕ್ಷನ್. ಹಿಂಪಡೆದದ್ದನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ, ಗುರುತು ಹಾಕಿ ಉಳಿಸುತ್ತಾರೆ ಎಂಬುದನ್ನು ಅಭ್ಯರ್ಥಿಗಳು ಮರೆಯಬಾರದು. ಈ ಬಗ್ಗೆ ಮಾರ್ಗಸೂಚಿ ನೀಡುವ ಸಂಸ್ಥೆ ‘ಕೋಪ್’. ಸ್ಥಾಪನೆ 1997, ಬ್ರಿಟನ್.

ಮುಖ್ಯ ಪ್ರಕರಣ: ಬ್ರಿಟನ್ನಿನ ‘ದಿ ಲ್ಯಾನ್ಸೆಟ್’ 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧ ಪ್ರಕಟಿಸಿತು. ಕೇವಲ 12 ಮಕ್ಕಳ ವಿವರ ಇಟ್ಟುಕೊಂಡು ಅದು ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಹುಟ್ಟಿಸಿತು. ಪತ್ರಕರ್ತ ಬ್ರಯಾನ್ ಡೀರ್ ಅವರ ತನಿಖಾ ವರದಿ ಬಂದ 2004ರಲ್ಲಿ 10 ಸಹಲೇಖಕರು ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಪ್ರಬಂಧವನ್ನು ಪೂರ್ತಿ ಹಿಂಪಡೆದದ್ದು 2010ರ ಫೆಬ್ರವರಿಯಲ್ಲಿ. ಈ 12 ವರ್ಷಗಳ ವಿಳಂಬ ಅಕ್ಷಮ್ಯ. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರು ಕಡಿಮೆಯಾಗಿ, ದಡಾರ ಮತ್ತೆ ಕಾಣಿಸಿಕೊಂಡಿತ್ತು.

ಹೋಲಿಕೆಗೆ: ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ನೀಡುವ ಕುರಿತು ಇದೇ ಪತ್ರಿಕೆಯಲ್ಲಿ 2020ರ ಮೇ 22ರಂದು ಬಂದ ಪ್ರಬಂಧದ ದತ್ತಾಂಶವನ್ನು ವಿಜ್ಞಾನಿಗಳು ಬಹಿರಂಗ ಪತ್ರದಲ್ಲಿ ಪ್ರಶ್ನಿಸಿದರು. ಆ ದತ್ತಾಂಶ ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಅದರ ಮೂಲವನ್ನು ಸ್ವತಂತ್ರ ಪರಿಶೀಲಕರಿಗೆ ಕೊಡಲಿಲ್ಲ. ಜೂನ್ 4ರಂದೇ ಪ್ರಬಂಧ ಹಿಂಪಡೆಯಲಾಯಿತು.