ಕಾರು ನಿಂತಿತು, ನೀವು ನಿಲ್ಲಲಿಲ್ಲ: ಜಡತ್ವ ಮತ್ತು ಸೀಟ್ ಬೆಲ್ಟ್

ಇವತ್ತಿನ ಸಂಚಿಕೆ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗಾಗಿ. ವಿಷಯ, ಬಲ ಮತ್ತು ಚಲನೆ. ಆದ್ರೆ ಅಪ್ಪ ಅಮ್ಮ, ಅಜ್ಜಿ ತಾತ ಕೂಡ ಜೊತೆಗೆ ಕೂತು ಕೇಳಿದ್ರೆ ಒಳ್ಳೇದು. ಯಾಕೆ ಅಂತ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತೆ.

ಸಿಟಿ ಬಸ್ಸಲ್ಲಿ ನಿಂತು ಪ್ರಯಾಣ ಮಾಡಿದವರಿಗೆಲ್ಲ ನ್ಯೂಟನ್ನನ ಮೊದಲ ನಿಯಮ ಗೊತ್ತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕ್ತಾರೆ, ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸ್ತಾರೆ. ಹಿಂದಿನಿಂದ ಯಾರೋ ತಳ್ಳಿದ ಹಾಗೆ ಅನಿಸುತ್ತೆ. ನಿಜವಾಗಿ ಯಾರೂ ತಳ್ಳಿರೋದಿಲ್ಲ. ರಸ್ತೆಗೂ ಟೈರಿಗೂ ನಡುವಿನ ಘರ್ಷಣೆ ಬಸ್ಸಿನ ವೇಗವನ್ನ ಇಳಿಸಿತು. ಬಸ್ಸಿನ ನೆಲ ನಿಮ್ಮ ಪಾದದ ವೇಗವನ್ನ ಇಳಿಸಿತು. ಆದರೆ ಎದೆ, ತಲೆಯನ್ನ ಹಿಡಿದು ನಿಲ್ಲಿಸೋಕೆ ಅಲ್ಲಿ ಏನೂ ಇರಲಿಲ್ಲ. ಅವು ಹಳೇ ವೇಗದಲ್ಲೇ ಮುಂದೆ ಹೋದವು, ಅಷ್ಟೆ.

ಹೊರಗಿನ ಬಲ ಬೀಳದ ಹೊರತು ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರ ಗೆರೆಯಲ್ಲಿ ಚಲಿಸುತ್ತಲೇ ಇರುತ್ತದೆ. 1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ಇದನ್ನು ಮೊದಲ ನಿಯಮವಾಗಿಟ್ಟ. ವಸ್ತುವಿನ ಈ ಗುಣಕ್ಕೆ ನಾವು ಜಡತ್ವ ಅಂತೀವಿ. 'ಜಡ' ಅಂದ ಕೂಡಲೇ ಅಲುಗಾಡದೆ ಬಿದ್ದಿರೋ ಬಂಡೆ ಕಣ್ಣಿಗೆ ಬರುತ್ತೆ ನೋಡಿ, ಆ ಪದದ ತೊಂದರೆಯೇ ಅದು. ಓಡೋ ವಸ್ತು ಓಟ ಬಿಡೋಕೆ ಒಪ್ಪದೆ ಇರೋದೂ ಜಡತ್ವವೇ.

ಈಗ ಕಾರಿಗೆ ಬರೋಣ. ಟೊರಾಂಟೊದಲ್ಲೋ ಮೆಲ್ಬರ್ನ್‌ನಲ್ಲೋ ಮಕ್ಕಳ ಸೀಟಿಲ್ಲದೆ ಕೂಸನ್ನ ಕಾರಿಗೆ ಹತ್ತಿಸದ ಕುಟುಂಬ, ರಜೆಗೆ ಬೆಂಗಳೂರಿಗೆ ಬಂದ ಮೊದಲ ದಿನವೇ ಮಗುವನ್ನ ತೊಡೆ ಮೇಲೆ ಕೂರಿಸಿಕೊಳ್ಳುತ್ತೆ. "ಕೊಡಮ್ಮ ಮಗೂನ, ನಾನು ಗಟ್ಟಿಯಾಗಿ ಹಿಡ್ಕೋತೀನಿ" ಅಂತಾರೆ ಅಜ್ಜಿ. ಪ್ರೀತಿಗೆ ಕೊರತೆಯಿಲ್ಲ. ಆದ್ರೆ ಎಷ್ಟು ಗಟ್ಟಿಯಾಗಿ ಹಿಡೀಬೇಕಾಗುತ್ತೆ? ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ.

ಕಾರಿನ ವೇಗ ಗಂಟೆಗೆ 50 ಕಿಲೋಮೀಟರ್. ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಗೋಡೆಯಂಥದ್ದೇನೋ ಸಿಕ್ಕಿ, ಮುಂಭಾಗ ನಜ್ಜುಗುಜ್ಜಾಗಿ, ಕಾರು 0.1 ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. ವೇಗ ಬದಲಾದ ದರ ಎಷ್ಟು? 14ನ್ನ 0.1ರಿಂದ ಭಾಗಿಸಿ: 140. ಎರಡನೇ ನಿಯಮದ ಪ್ರಕಾರ ಬಲ ಅಂದ್ರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಮಗು 10 ಕಿಲೋ ಇದ್ರೆ ಬೇಕಾದ ಬಲ 1400 ನ್ಯೂಟನ್. ಅಡುಗೆಮನೆ ಭಾಷೇಲಿ ಹೇಳೋದಾದ್ರೆ, 25 ಕಿಲೋದ ಅಕ್ಕಿ ಮೂಟೆ ಐದಕ್ಕಿಂತ ಹೆಚ್ಚನ್ನ ಒಟ್ಟಿಗೆ ಎತ್ತಿ ಹಿಡಿಯೋಕೆ ಬೇಕಾದ ಬಲ. ಅದೂ ಕಣ್ಣು ಮಿಟುಕಿಸೋದ್ರೊಳಗೆ. ಪೈಲ್ವಾನರಿಗೂ ಆಗಲ್ಲ. ಅಜ್ಜಿ ಬೆಲ್ಟ್ ಹಾಕಿಲ್ಲ ಅಂದ್ರೆ ಅವರೂ ಅದೇ ವೇಗದಲ್ಲಿ, ಮಗುವಿನ ಹಿಂದೆಯೇ ಮುಂದಕ್ಕೆ ಹೋಗ್ತಿರ್ತಾರೆ.

50 ಕಿಲೋಮೀಟರ್ ಅಂದ್ರೆ ಸಿಟಿಯೊಳಗಿನ ವೇಗ, ಅದೇನು ಮಹಾ ಅನ್ನೋರಿಗೆ ಇನ್ನೊಂದು ಲೆಕ್ಕ. ಎಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಸೆಕೆಂಡಿಗೆ 14 ಮೀಟರ್ ವೇಗ ಬರುತ್ತೆ? ವೇಗದ ವರ್ಗ 196. ಅದನ್ನ 9.8ರ ಎರಡರಷ್ಟು, ಅಂದ್ರೆ 19.6ರಿಂದ ಭಾಗಿಸಿ. ಉತ್ತರ 10 ಮೀಟರ್. ಮೂರಂತಸ್ತಿನ ಮನೆಯ ತಾರಸಿ. ಅಲ್ಲಿ ಕಟಕಟೆಯಿಲ್ಲದ ಅಂಚಿನಲ್ಲಿ ಮಗುವನ್ನ ನಾವ್ಯಾರೂ ಕೂರಿಸಲ್ಲ.

ಬೆಲ್ಟ್ ಏನು ಮಾಡುತ್ತೆ ಹಾಗಾದ್ರೆ? ಕ್ರಿಕೆಟ್ ಆಡೋರಿಗೆ ಉತ್ತರ ಗೊತ್ತು. ಜೋರಾಗಿ ಬಂದ ಚೆಂಡನ್ನ ಹಿಡಿಯುವಾಗ ಕೈಯನ್ನ ಹಿಂದಕ್ಕೆ ಎಳ್ಕೋತೀರಿ. ಚೆಂಡು ನಿಲ್ಲೋಕೆ ಹೆಚ್ಚು ದೂರ, ಹೆಚ್ಚು ಸಮಯ ಸಿಗುತ್ತೆ, ಅಂಗೈ ಉರಿಯಲ್ಲ. ಬೆಲ್ಟ್ ಹಾಕಿದಾಗ ನೀವು ಕಾರಿನ ಜೊತೆಗೇ, ಅದರ ಮೂತಿ ಕುಗ್ಗುವಷ್ಟೂ ದೂರದಲ್ಲಿ, ನಮ್ಮ ಲೆಕ್ಕದಲ್ಲಿ ಸುಮಾರು 70 ಸೆಂಟಿಮೀಟರಿನಲ್ಲಿ ನಿಲ್ತೀರಿ. ಬೆಲ್ಟ್ ಇಲ್ಲದವರು ಡ್ಯಾಶ್‌ಬೋರ್ಡಿಗೋ ಮುಂದಿನ ಸೀಟಿಗೋ ಬಡಿದು 7 ಸೆಂಟಿಮೀಟರಿನಲ್ಲಿ ನಿಂತರು ಅನ್ನಿ. ದೂರ ಹತ್ತನೇ ಒಂದು, ಹಾಗಾಗಿ ಸರಾಸರಿ ಬಲ ಹತ್ತು ಪಟ್ಟು.

ಎದೆ ಮತ್ತು ಸೊಂಟ ಎರಡನ್ನೂ ಹಿಡಿಯೋ ಇವತ್ತಿನ ಮೂರು ಬಿಂದುವಿನ ಬೆಲ್ಟನ್ನ ವೋಲ್ವೋ ಕಂಪನಿ 1959ರಲ್ಲಿ ಕಾರಿಗೆ ಅಳವಡಿಸಿತು. ರೂಪಿಸಿದವನು ನಿಲ್ಸ್ ಬೋಲಿನ್. ಅದಕ್ಕೆ ಮುಂಚೆ ಆತ ಯುದ್ಧವಿಮಾನದ ಪೈಲಟ್ಟನ್ನ ಹೊರಕ್ಕೆ ಚಿಮ್ಮಿಸೋ ಸೀಟುಗಳ ಮೇಲೆ ಕೆಲಸ ಮಾಡ್ತಿದ್ದ. ವೋಲ್ವೋ ಆ ಪೇಟೆಂಟನ್ನ ಉಳಿದ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ನನ್ನ ಪ್ರಕಾರ ಇದು ಪಠ್ಯಪುಸ್ತಕದ ಈ ಪಾಠದಲ್ಲೇ ಇರಬೇಕಾದ ಮಾತು.

ಅಮೆರಿಕದ ಮಕ್ಕಳು ಒಂದು ಪ್ರಶ್ನೆ ಕೇಳಬಹುದು. ಬೆಲ್ಟ್ ಅಷ್ಟು ಮುಖ್ಯ ಅಂದ್ರೆ ಅನೇಕ ರಾಜ್ಯಗಳ ದೊಡ್ಡ ಹಳದಿ ಶಾಲಾ ಬಸ್ಸಲ್ಲಿ ಅದು ಕಡ್ಡಾಯ ಯಾಕಿಲ್ಲ? ಇಲ್ಲಿ ಮೂರನೇ ನಿಯಮ ಬರುತ್ತೆ. ಬಸ್ಸು ಕಾರಿಗೆ ಡಿಕ್ಕಿ ಹೊಡೆದಾಗ ಎರಡರ ಮೇಲೂ ಬೀಳೋ ಬಲ ಒಂದೇ. ಆದ್ರೆ ಬಸ್ಸು ಕಾರಿಗಿಂತ ಎಷ್ಟೋ ಪಟ್ಟು ಭಾರ, ಹಾಗಾಗಿ ಅದರ ವೇಗ ಸ್ವಲ್ಪವೇ ಬದಲಾಗುತ್ತೆ. ಜೊತೆಗೆ ಎತ್ತರದ, ಮೆತ್ತನೆ ಬೆನ್ನಿನ ಸೀಟುಗಳನ್ನ ಹತ್ತಿರ ಹತ್ತಿರ ಜೋಡಿಸಿರ್ತಾರೆ. ಮುಂದಕ್ಕೆ ಹೋದ ಮಗುವನ್ನ ಮುಂದಿನ ಸೀಟಿನ ಬೆನ್ನೇ ಹಿಡಿಯುತ್ತೆ. ಬಸ್ಸು ಮಗುಚಿದ್ರೆ ಮಾತ್ರ ಈ ಉಪಾಯ ಸಾಲದು; ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಶಾಲಾ ಬಸ್ಸಿಗೂ ಬೆಲ್ಟ್ ಬೇಕು ಅಂತ ಕಾನೂನು ಮಾಡಿವೆ.

ಕೊನೆಗೆ ಒಂದು ಮನೆಗೆಲಸ. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ರೆ, ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್, ಅದು ಎಷ್ಟು ಎತ್ತರದಿಂದ ಬಿದ್ದ ಹಾಗೆ? 20 ಮೀಟರ್ ಅಂತ ಬಂದ್ರೆ ವರ್ಗ ಮಾಡೋದು ಮರೆತಿದ್ದೀರಿ. ಇನ್ನೊಂದು ಸಲ ಲೆಕ್ಕ ಮಾಡಿ.