ಐದು ನಕ್ಷತ್ರದ ಕೋರ್ಸು, ನನಗೆ ಮಾತ್ರ ಕಬ್ಬಿಣದ ಕಡಲೆ

ಪ್ರಶ್ನೆ: ನಾನು ಮದಲೂರಿನವಳು. ಬಿಕಾಂ ಮುಗಿದು ಎರಡು ವರ್ಷವಾಯಿತು. ಶಿರಾದಲ್ಲಿ ಒಬ್ಬ ಆಡಿಟರ್ ಹತ್ತಿರ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ಕೆಲಸ ಮಾಡುತ್ತೇನೆ. ಬೆಂಗಳೂರಿನಲ್ಲಿ ಫೈನಾನ್ಸ್ ಕೆಲಸ ಸಿಗಲಿ ಎಂದು ಕಾರ್ಪೊರೇಟ್ ಫೈನಾನ್ಸಿನ ಆರಂಭಿಕ ಆನ್‌ಲೈನ್ ಕೋರ್ಸಿಗೆ ಸೇರಿದೆ. ಸೇರುವ ಮೊದಲು ಕಲಿತವರ ಅಭಿಪ್ರಾಯಗಳನ್ನೆಲ್ಲ ಓದಿದ್ದೆ. ‘ಏನೂ ಗೊತ್ತಿಲ್ಲದವರಿಗೂ ಅರ್ಥವಾಗುತ್ತೆ’, ‘ಎರಡೇ ದಿನದಲ್ಲಿ ಮುಗಿಸಿದೆ’ ಎಂದು ಬಹಳ ಜನ ಬರೆದಿದ್ದರು. ನಾನು ಎರಡನೇ ವಾರದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಕ್ವಿಜ್‌ನಲ್ಲಿ ಮೂರು ಸಲ ಫೇಲ್. ಡಿಸ್ಕೌಂಟಿಂಗ್ ಎಂಬುದು ತಲೆಗೇ ಹತ್ತುತ್ತಿಲ್ಲ. ಎಲ್ಲರಿಗೂ ಸುಲಭವಾದದ್ದು ನನಗೊಬ್ಬಳಿಗೇ ಕಷ್ಟವಾದರೆ ನಾನು ದಡ್ಡಿ ಅಂತಲೇ ಅಲ್ಲವೇ? ಅಪ್ಪ ‘ದುಡ್ಡೂ ಕಟ್ಟಿ ನಿದ್ದೇನೂ ಯಾಕೆ ಕೆಡಿಸ್ಕೊತೀಯ, ಬಿಟ್ಟಾಕು’ ಅಂತಾರೆ. ಪಾವಗಡದ ನಮ್ಮ ಸೋದರಮಾವ ಮಾತ್ರ ‘ಅದೇನೋ ಕಲೀತೀಯಲ್ಲ, ನಾನು ಜಮೀನು ಸೋಲಾರಿಗೆ ಕೊಟ್ಟಿದ್ದು ಲಾಭವೋ ಲುಕ್ಸಾನೋ ಹೇಳು ನೋಡೋಣ’ ಎಂದು ಕಾಡಿಸುತ್ತಾರೆ. ಬಿಡಲೇ, ಮುಂದುವರಿಸಲೇ?
— ಹೆಸರು ಬೇಡ, ಮದಲೂರು

ಉತ್ತರ: ಮೊದಲು ನನ್ನದೊಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಮೊದಲ ಪಾಠದ ವಿಡಿಯೊ ಮುಗಿಯುತ್ತಿದ್ದಂತೆ ‘ಹೇಗನ್ನಿಸಿತು?’ ಎಂಬ ಕಿಟಕಿ ತೆರೆದುಕೊಂಡಿತು. ಮೇಷ್ಟ್ರು ನಗುನಗುತ್ತಾ ಮಾತಾಡಿದ್ದರು, ನನ್ನ ಕೈಲಿ ಕಾಫಿಯಿತ್ತು, ಐದು ನಕ್ಷತ್ರ ಒತ್ತಿ ‘ಅದ್ಭುತ’ ಎಂದು ಬರೆದೆ. ಮೂರನೇ ವಾರಕ್ಕೆ ಕೋರ್ಸು ಬಿಟ್ಟೆ. ಬಿಟ್ಟೆನೆಂದು ಎಲ್ಲೂ ಬರೆಯಲಿಲ್ಲ. ಆ ಐದು ನಕ್ಷತ್ರ ಇವತ್ತಿಗೂ ಅಲ್ಲೇ ಇರಬೇಕು, ನಿಮ್ಮಂಥ ಯಾರಿಗೋ ಗಾಬರಿ ಹುಟ್ಟಿಸುತ್ತಾ.

ನೀವು ಓದಿದ ಅಭಿಪ್ರಾಯಗಳಲ್ಲಿ ನನ್ನಂಥವರು ಎಷ್ಟೋ ಜನ. ನಡುವೆ ಬಿಟ್ಟುಹೋದವರು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಬರೆಯುವುದಕ್ಕೆ ಉಳಿದವರು ದಾಟಿದವರು. ‘ಎರಡೇ ದಿನದಲ್ಲಿ ಮುಗಿಸಿದೆ’ ಎಂದಾತ ಸಿಎ ಇಂಟರ್ ಮಾಡಿದ್ದನೋ, ಎಂಜಿನಿಯರೋ, ಕ್ವಿಜ್ ಮುಟ್ಟದೆ ವಿಡಿಯೊಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದನೋ, ನಮಗೆ ಗೊತ್ತಿಲ್ಲ. ಮತ್ತೆ ಓದಲೇಬೇಕೆನಿಸಿದರೆ ಮೂರು ನಕ್ಷತ್ರ ಕೊಟ್ಟವರನ್ನು ಓದಿ. ಅವರಿಗೆ ಹೊಗಳುವ ಉಮೇದೂ ಇರುವುದಿಲ್ಲ, ಸಿಟ್ಟೂ ಇರುವುದಿಲ್ಲ. ಎಲ್ಲಿ ಎಡವಿದೆ, ಎಕ್ಸೆಲ್ ಬಾರದೆ ಎಲ್ಲಿ ಒದ್ದಾಡಿದೆ ಎಂದು ಹೇಳುವವರು ಅವರೇ. ಎರಡನೇ ವಾರದ ದೂರು ಅಲ್ಲಿ ನಿಮಗೆ ಧಾರಾಳವಾಗಿ ಸಿಕ್ಕೀತು.

ಯಾವ ಕೋರ್ಸು ಎಂದು ನೀವು ಬರೆದಿಲ್ಲ, ಬರೆಯದಿದ್ದರೂ ನಡೆಯುತ್ತದೆ. ಈ ಆರಂಭಿಕ ಕೋರ್ಸುಗಳ ಹಾದಿ ಹೆಚ್ಚುಕಡಿಮೆ ಒಂದೇ. ಕೋರ್ಸೆರಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಮೈಕೆಲ್ ರಾಬರ್ಟ್ಸ್ ಕಲಿಸುವ ಹೆಸರುವಾಸಿ ಕೋರ್ಸನ್ನೇ ನೋಡಿ: ಹಣದ ಕಾಲಮೌಲ್ಯದಿಂದ ಶುರು, ಆಮೇಲೆ ಬಡ್ಡಿದರ, ನಗದು ಹರಿವಿನ ಲೆಕ್ಕ, ಕೊನೆಗೆ ಹೂಡಿಕೆಯ ಲಾಭ. ಮೊದಲನೆಯದು ಅರ್ಥವಾಗದಿದ್ದರೆ ಮುಂದಿನ ಮೂರೂ ಬಾಯಿಪಾಠವೇ. ಡಿಸ್ಕೌಂಟಿಂಗ್ ಆ ಮೊದಲನೆಯದರ ಭಾಗ, ಎರಡನೇ ವಾರಕ್ಕೆ ಬಂದಿದ್ದರೂ ನೀವು ಸಿಕ್ಕಿಬಿದ್ದಿರುವುದು ಅಲ್ಲೇ. ಅದೂ ಡಾಲರು, ಅಮೆರಿಕದ ಮನೆಸಾಲ, ಅಲ್ಲಿಯ ತೆರಿಗೆ ಎಂಬ ಉದಾಹರಣೆಗಳ ನಡುವೆ. ಅವನ್ನು ತೆಗೆದು ಬದಿಗಿಡಿ. ನಿಮ್ಮ ಮಾವ ಕೇಳಿರುವ ಪ್ರಶ್ನೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಯಾವ ಪ್ರೊಫೆಸರೂ ಕೊಡಲಾರರು.

ಪಾವಗಡದ ತಿರುಮಣಿ, ವಳ್ಳೂರು ಕಡೆಯ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯದು, 2,050 ಮೆಗಾವಾಟ್ ಸಾಮರ್ಥ್ಯದ್ದು. ಜಮೀನನ್ನು ರೈತರಿಂದ ಕೊಳ್ಳಲಿಲ್ಲ, 28 ವರ್ಷದ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಏರಿಕೆ ಹಿಂದಿನ ಬಾಡಿಗೆಯ ಮೇಲೆ ಎಂದು ಹಿಡಿದು 28 ವರ್ಷದ್ದನ್ನೆಲ್ಲ ಕೂಡಿದರೆ ಎಕರೆಗೆ 8.23 ಲಕ್ಷ ಆಗುತ್ತದೆ. ಅರಳಿಕಟ್ಟೆಯಲ್ಲಿ ಕೂತವರು ಹೇಳುವುದು ಈ ಅಂಕಿಯನ್ನೇ.

ಈಗ ಎಕ್ಸೆಲ್ ತೆರೆಯಿರಿ, ಗುತ್ತಿಗೆ ಇವತ್ತೇ ಶುರುವಾಯಿತೆಂದು ಹಿಡಿಯಿರಿ. ಕೈಲಿರುವ 100 ರೂಪಾಯಿಯನ್ನು 8 ಪರ್ಸೆಂಟಿಗೆ ಇಟ್ಟರೆ ಬರುವ ವರ್ಷ 108 ಆಗುತ್ತದೆ. ಹಾಗಾದರೆ ಬರುವ ವರ್ಷ ಕೈಸೇರುವ 21,000 ಇವತ್ತಿನ ಮಟ್ಟಿಗೆ ಎಷ್ಟು? 1.08ರಿಂದ ಭಾಗಿಸಿ, 19,444. ಹತ್ತನೇ ವರ್ಷದ ಬಾಡಿಗೆ 25,526 ರೂಪಾಯಿಗೆ ಏರಿರುತ್ತದೆ, ಅದನ್ನು 1.08ರಿಂದ ಹತ್ತು ಸಲ ಭಾಗಿಸಬೇಕು, 11,823. ಕೊನೆಯ ವರ್ಷ ಮಾವನ ಕೈಗೆ ಬರುವುದು 39,599. ಇವತ್ತಿನ ಲೆಕ್ಕದಲ್ಲಿ ಅದರ ಬೆಲೆ ಬರೀ 4,590! ಇಪ್ಪತ್ತೆಂಟು ಸಾಲುಗಳನ್ನೂ ಕೂಡಿ: 8.23 ಲಕ್ಷ ಕರಗಿ ಸುಮಾರು 2.89 ಲಕ್ಷ ಉಳಿಯುತ್ತದೆ. ನಿಮಗೆ ತಲೆಗೆ ಹತ್ತದ ಡಿಸ್ಕೌಂಟಿಂಗ್ ಇಷ್ಟೇ. ಒಂದು ಲಕ್ಷದ ಚೀಟಿಯನ್ನು ಮೊದಲ ತಿಂಗಳೇ 72 ಸಾವಿರಕ್ಕೆ ಕೂಗಿ ಎತ್ತುವ ನಿಮ್ಮ ಬೀದಿಯ ಹೆಂಗಸರು ಇದನ್ನು ದಿನಾ ಮಾಡುತ್ತಾರೆ, ಸೂತ್ರ ಬರೆಯುವುದಿಲ್ಲ ಅಷ್ಟೆ.

ಎಂಟೇ ಏಕೆ ಎಂದು ನೀವು ಕೇಳಬೇಕು. ಕೋರ್ಸಿನ ಅರ್ಧ ಜೀವ ಈ ಪ್ರಶ್ನೆಯಲ್ಲಿದೆ. ಮಾವನ ಮೇಲೆ 12 ಪರ್ಸೆಂಟಿನ ಸಾಲವಿದ್ದರೆ ಅವರ ಪಾಲಿಗೆ ಹಣದ ಬೆಲೆ 12. ಆ ದರ ಹಾಕಿದರೆ ಅದೇ ಗುತ್ತಿಗೆ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಕಾಗದ ಬದಲಾಗಿಲ್ಲ, ಜಮೀನೂ ಬದಲಾಗಿಲ್ಲ.

ಅಲ್ಲಿಂದ ನಿಮ್ಮೂರಿಗೇ ಬನ್ನಿ. ಮದಲೂರು ಕೆರೆಗೆ ಹೇಮಾವತಿ ನೀರು ಎಂಬ ಮಾತು 2020ರ ಶಿರಾ ಉಪಚುನಾವಣೆಯಲ್ಲಿ ಎಷ್ಟು ಮೊಳಗಿತ್ತೆಂದು ನಿಮಗೆ ನೆನಪಿರಬಹುದು. ಆ ನೀರು ವರ್ಷವರ್ಷವೂ ಬರುತ್ತದೆಂದು ನಂಬಿ ಒಬ್ಬರು ಅಡಿಕೆ ಸಸಿ ಇಡುತ್ತಾರೆ. ಇನ್ನೊಬ್ಬರು ನಂಬದೆ ಮಳೆಗೆ ಬರುವ ಕಡ್ಲೆಕಾಯಿಗೇ ನಿಲ್ಲುತ್ತಾರೆ. ಕರಾರಿನ ಬಾಡಿಗೆಗೆ ಹಾಕಿದ 8 ಪರ್ಸೆಂಟನ್ನೇ ಕೆರೆ ನೀರು ನೆಚ್ಚಿದ ಅಡಿಕೆಯ ವರಮಾನಕ್ಕೂ ಹಾಕುತ್ತೀರಾ? ಹಾಕುವುದಿಲ್ಲ. ಅನುಮಾನ ಹೆಚ್ಚಿದಷ್ಟೂ ದರ ಹೆಚ್ಚು. ಕೋರ್ಸಿನಲ್ಲಿ ‘ರಿಸ್ಕ್ ಪ್ರೀಮಿಯಂ’ ಎಂಬ ಪದ ಬಂದಾಗ ಕೆರೆ ಏರಿಯ ಮೇಲೆ ನಿಂತಂತೆ ನೆನೆಸಿಕೊಳ್ಳಿ.

ಇನ್ನು ದುಡ್ಡಿನ ವಿಷಯ. ಅಪ್ಪನ ಮಾತಿನಲ್ಲಿ ಅರ್ಧ ನಿಜವಿದೆ. ತಿಂಗಳುತಿಂಗಳು ಶುಲ್ಕ ಮುರಿದುಕೊಳ್ಳುವ ಕೋರ್ಸಾದರೆ ಚಂದಾ ಈಗ ನಿಲ್ಲಿಸಿ, ನಿಮ್ಮದೇ ಸಾಲುಗಳಲ್ಲಿ ಲೆಕ್ಕ ಕೂತ ಮೇಲೆ ಮತ್ತೆ ಸೇರಿ. ಕೇಂದ್ರ ಸರ್ಕಾರ 2017ರಲ್ಲಿ ತೆರೆದ ‘ಸ್ವಯಂ’ ಆನ್‌ಲೈನ್ ತಾಣದಲ್ಲಿ ಪಾಠ ಕೇಳುವುದಕ್ಕೆ ಹಣವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅದರಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷಾ ಕೇಂದ್ರಕ್ಕೇ ಹೋಗಿ ಕೂತು ಬರೆಯುವ ಪರೀಕ್ಷೆಗೆ 75 ಅಂಕ. ಮನೆಯಲ್ಲಿ ಕೂತು ಒತ್ತಿದ ಕ್ವಿಜ್‌ಗಿಂತ ಅದಕ್ಕೆ ತೂಕ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯವೇ, ಹಾಗಾಗಿ ಇದನ್ನೂ ಅನುಮಾನದಿಂದಲೇ ಓದಿ.

ಪ್ರಮಾಣಪತ್ರ ಒಂದರಿಂದಲೇ ಬೆಂಗಳೂರಿನ ಕೆಲಸ ಸಿಗುತ್ತದೆಂದು ನಾನು ಹೇಳುವುದಿಲ್ಲ. ಅಂಥ ಪತ್ರ ಸಂದರ್ಶನಕ್ಕೆ ಬರುವ ಬಹಳ ಜನರ ಕೈಲಿರುತ್ತದೆ. ಟ್ಯಾಲಿ, ಜಿಎಸ್‌ಟಿ ಮಾಡಿದ ನಿಮ್ಮ ಎರಡು ವರ್ಷದ ಕೈಗೆಲಸ, ಅದರ ಜೊತೆಗೆ ನೀವೇ ಕಟ್ಟಿದ ಪಾವಗಡದ ಒಂದು ಎಕರೆಯ ಎಕ್ಸೆಲ್ ಹಾಳೆ, ಇವೆರಡೂ ಇರುವವರು ಕಡಿಮೆ. ಸಂದರ್ಶನದಲ್ಲಿ ‘ನಿಮಗೆ ಎನ್‌ಪಿವಿ (ನಿವ್ವಳ ಇಂದಿನ ಮೌಲ್ಯ) ಗೊತ್ತೆ?’ ಎಂದರೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿ.

ಈ ಭಾನುವಾರ ವಿಡಿಯೊ ಮುಟ್ಟಬೇಡಿ, ಆ ಹಾಳೆಯನ್ನು ಮಾಡಿ. ಆಮೇಲೆ ಕ್ವಿಜ್‌ಗೆ ನಾಲ್ಕನೇ ಸಲ ಕೂರಿ. ಹಾಳೆಯಲ್ಲಿ ಉತ್ತರ 2.89 ಲಕ್ಷ ಬರದಿದ್ದರೆ ಮೊದಲ ಬಾಡಿಗೆಯನ್ನು ಭಾಗಿಸದೆ ಹಾಗೇ ಬಿಟ್ಟಿದ್ದೀರಾ ನೋಡಿ, ಹೊಸಬರು ಎಡವುವ ಜಾಗ ಅದು. ಮಾವನಿಗೆ ತೋರಿಸುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಬಾಡಿಗೆ ವರ್ಷದ ಮೊದಲಿಗೇ ಬರುತ್ತದೋ, ಕೊನೆಗೋ? ನಾನು ಕೊನೆಗೆ ಎಂದು ಹಿಡಿದಿದ್ದೇನೆ. ಮೊದಲಿಗೇ ಬರುವುದಾದರೆ 8 ಪರ್ಸೆಂಟಿನ ಉತ್ತರ 3.12 ಲಕ್ಷ.