ಫರಾಳದ ಡಬ್ಬಿ ತಳ ಕಂಡ ಮೇಲೆ



ದೀಪಾವಳಿ ರಜೆ ಮುಗಿದು ಶಾಲೆ ಶುರುವಾಗಿದೆ. ಆದರೆ ಮನೆಯಲ್ಲಿ ಫರಾಳದ ಡಬ್ಬಿ ಇನ್ನೂ ಪೂರಾ ಖಾಲಿಯಾಗಿರಲಿಕ್ಕಿಲ್ಲ. ತಳದಲ್ಲಿ ಮುರಿದ ಚಕ್ಕುಲಿ, ನಾಲ್ಕು ಶಂಕರಪಾಳಿ, ಪುಡಿಯಾದ ಚೂಡಾ ಉಳಿದಿರುತ್ತದೆ. ಈ ಸಲದ ಪಾಠವನ್ನು ಆ ಡಬ್ಬಿಯಿಂದಲೇ ಶುರು ಮಾಡೋಣ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು.

ಕೆಲವು ವರ್ಷದ ಹಿಂದೆ, ರಜೆ ಮುಗಿದ ಮೊದಲ ದಿನ ಒಂಬತ್ತನೆಯ ತರಗತಿಗೆ ಹೋದವನೇ ಚೇಷ್ಟೆ ಮಾಡಿದೆ: "ಯಾರ್ಯಾರು ಎಷ್ಟೆಷ್ಟು ಉಂಡಿ ತಿಂದೀರಿ ಅಂತ ನಾ ಕೇಳೂದಿಲ್ಲ, ಬೆಂಚ ಹೇಳ್ತದ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಲ್ಕನೆಯ ದಿನ ಮುಂಜಾನೆ ಪ್ರಾರ್ಥನೆಗೆ ನಿಂತಾಗ ಅದೇ ತರಗತಿಯ ಒಬ್ಬ ಹುಡುಗಿ ತಲೆ ಸುತ್ತಿ ಕುಳಿತುಬಿಟ್ಟಳು. ನೆರಳಿಗೆ ಕರೆತಂದು, ಮಲಗಿಸಿ, ನೀರು ಕೊಟ್ಟು ಕೇಳಿದೆ.

"ಯಾಕವಾ, ಏನಾತು? ಮುಂಜಾನಿ ಏನ್ ತಿಂದಿ?"

"ಏನೂ ತಿಂದಿಲ್ರಿ ಸರ್. ಬರೇ ಚಹಾ ಕುಡದೀನ್ರಿ."

"ಯಾಕ?"

ಆಕೆ ಸುಮ್ಮನಿದ್ದಳು. ಪಕ್ಕದ ಗೆಳತಿ ಹೇಳಿದಳು: "ನೀವ ಅಂದ್ರೆಲ್ರಿ ಸರ್, ಬೆಂಚ ಹೇಳ್ತದ ಅಂತ. ಅವತ್ತಿನಿಂದ ಆಕಿ ಮುಂಜಾನಿ ರೊಟ್ಟಿ ಬಿಟ್ಟಾಳ್ರಿ."

ನನಗೆ ಮಾತೇ ಹೊರಡಲಿಲ್ಲ. ಮನೆಯವರು ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ ಕಡಿಮೆ ಇತ್ತು. ಮೊದಲೇ ರಕ್ತ ಕಡಿಮೆ ಇದ್ದ ಮಗು ನನ್ನ ಒಂದು ಮಾತಿನಿಂದ ಊಟವನ್ನೂ ಬಿಟ್ಟಿತ್ತು. ವಿಜ್ಞಾನ ಕಲಿಸುವವನು ನಾನು. ಅಂದು ಚೇಷ್ಟೆ ಮಾಡುವ ಬದಲು ಲೆಕ್ಕ ಕಲಿಸಿದ್ದರೆ ಚೆನ್ನಾಗಿತ್ತು. ಆ ಲೆಕ್ಕ ಈಗ ಕಲಿಯೋಣ.

ಒಂದು ಉಂಡಿ, ಒಂದು ರೊಟ್ಟಿ

ನಮ್ಮ ಮನೆಯಲ್ಲಿ ಬೇಸನ್ ಉಂಡಿಗೆ ಅರ್ಧ ಕಿಲೋ ಕಡಲೆಹಿಟ್ಟು, ಕಾಲು ಕಿಲೋ ತುಪ್ಪ, 400 ಗ್ರಾಂ ಸಕ್ಕರೆ ಹಾಕುತ್ತಾರೆ. ಅಷ್ಟರಲ್ಲಿ 30 ಉಂಡಿ ಆಗುತ್ತವೆ. ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋಕ್ಯಾಲರಿ, ಒಂದು ಗ್ರಾಂ ಸಕ್ಕರೆಯಿಂದ 4 ಕಿಲೋಕ್ಯಾಲರಿ ಶಕ್ತಿ ಸಿಗುತ್ತದೆ. ಒಂದು ಗ್ರಾಂ ಕಡಲೆಹಿಟ್ಟಿಗೆ ಸುಮಾರು 3.5 ಹಿಡಿಯೋಣ.

ತುಪ್ಪ: 250 × 9 = 2,250
ಸಕ್ಕರೆ: 400 × 4 = 1,600
ಕಡಲೆಹಿಟ್ಟು: 500 × 3.5 = 1,750
ಒಟ್ಟು: 5,600 ಕಿಲೋಕ್ಯಾಲರಿ

ಇದನ್ನು 30ರಿಂದ ಭಾಗಿಸಿದರೆ ಒಂದು ಉಂಡಿಗೆ ಸುಮಾರು 187 ಕಿಲೋಕ್ಯಾಲರಿ. ಈಗ ರೊಟ್ಟಿ ನೋಡ್ರಿ. 100 ಗ್ರಾಂ ಜೋಳದಲ್ಲಿ ಸುಮಾರು 334 ಕಿಲೋಕ್ಯಾಲರಿ ಇರುತ್ತದೆ. 55 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 184. ಅಂದರೆ ಒಂದು ಉಂಡಿಯ ಶಕ್ತಿ ಹೆಚ್ಚುಕಡಿಮೆ ಒಂದು ರೊಟ್ಟಿಯ ಶಕ್ತಿಗೆ ಸಮ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಉಂಡಿ ಎರಡು ತುತ್ತಿಗೆ ಮುಗಿಯುತ್ತದೆ. ರೊಟ್ಟಿಯನ್ನು ಅಗಿಯಬೇಕು, ಪಲ್ಯ ಹಚ್ಚಿಕೊಳ್ಳಬೇಕು, ನಡುವೆ ನೀರು ಕುಡಿಯಬೇಕು. ಜೋಳದಲ್ಲಿ ನೂರಕ್ಕೆ ಸುಮಾರು 10 ಗ್ರಾಂ ನಾರಿನಂಶ, 10 ಗ್ರಾಂ ಪ್ರೋಟೀನ್ ಇದೆ. ಶಂಕರಪಾಳಿಯ ಮೈದಾದಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಒಂದು ರೊಟ್ಟಿ, ಬೇಳೆ, ಪಲ್ಯ ಉಂಡರೆ ಹೊಟ್ಟೆ ತುಂಬಿತೆಂದು ಗೊತ್ತಾಗುತ್ತದೆ. ಉಂಡಿ ತಿಂದಾಗ ಅದು ಗೊತ್ತಾಗುವುದರೊಳಗೆ ಕೈ ಮತ್ತೊಂದಕ್ಕೆ ಹೋಗಿರುತ್ತದೆ.

ತೂಕ ಏರಿದ್ದು ಎಲ್ಲಾ ಕೊಬ್ಬೇನು?

ರಜೆ ಮುಗಿದ ಮೇಲೆ ತಕ್ಕಡಿಯ ಮೇಲೆ ನಿಂತು ಒಂದೂವರೆ ಕಿಲೋ ಹೆಚ್ಚಾಗಿದೆ ಎಂದು ಅಳುಮುಖ ಮಾಡುವವರಿದ್ದಾರೆ. ತಾಳ್ರಿ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ದಿನದ ಅವಶ್ಯಕತೆಗಿಂತ ಸುಮಾರು 7,700 ಕಿಲೋಕ್ಯಾಲರಿ ಹೆಚ್ಚು ತಿನ್ನಬೇಕು. ಅಂದರೆ ದಿನದ ಊಟದ ಮೇಲೆ ಮತ್ತೆ 41 ಉಂಡಿ! ಅಷ್ಟು ತಿಂದವರು ಕೈ ಎತ್ತಿರಿ.

ಉಳಿದ ತೂಕ ಎಲ್ಲಿಯದು? ಬಹಳಷ್ಟು ನೀರಿನದು. ತಿಂದ ಹಿಟ್ಟು, ಸಕ್ಕರೆಗಳ ಒಂದು ಭಾಗವನ್ನು ನಮ್ಮ ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತವೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಕ್ಕುಲಿ, ಚೂಡಾ, ಶೇವಿನಲ್ಲಿಯ ಉಪ್ಪೂ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಊಟ ಮೊದಲಿನಂತಾದ ಕೆಲವೇ ದಿನಗಳಲ್ಲಿ ಈ ನೀರು ತಾನೇ ಇಳಿಯುತ್ತದೆ. ಮತ್ತೆ, ನೀವು ಬೆಳೆಯುವ ವಯಸ್ಸಿನವರು. ಹದಿಮೂರು ಹದಿನಾಲ್ಕರಲ್ಲಿ ತೂಕ ಏರುವುದು ಸಹಜ. ಎಲುಬು ಉದ್ದವಾಗುವುದು, ಸ್ನಾಯು ಬಲಿಯುವುದು, ರಕ್ತ ಹೆಚ್ಚುವುದು ಎಲ್ಲವೂ ಆ ತೂಕದೊಳಗೆ ಇರುತ್ತದೆ.

ಹಾಗಾದರೆ ಹಬ್ಬದ ನಾಲ್ಕು ದಿನದ ಊಟಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಹಬ್ಬ ಮುಗಿದರೂ ಮುಗಿಯದ ರೂಢಿಗೆ, ಮತ್ತು ಅದನ್ನು ಸರಿಪಡಿಸಲು ಹೋಗಿ ಊಟ ಬಿಡುವುದಕ್ಕೆ.

ಮುಂಜಾನೆ ಉಪವಾಸ ಕೂತರೆ ಏನಾಗುತ್ತದೆ?

ರಾತ್ರಿ ಎಂಟಕ್ಕೆ ಉಂಡಿರಿ ಎಂದುಕೊಳ್ಳೋಣ. ಮುಂಜಾನೆ ಬರೇ ಚಹಾ ಕುಡಿದು ಬಂದರೆ ಮುಂದಿನ ಊಟ ಮಧ್ಯಾಹ್ನ ಒಂದಕ್ಕೆ. ನಡುವೆ 17 ತಾಸು. ನೀವು ಮಲಗಿದರೂ ಮೆದುಳು ಮಲಗುವುದಿಲ್ಲ. ಮೆದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲು ಮಾತ್ರ, ಆದರೆ ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ರಾತ್ರಿಯಿಡೀ ಯಕೃತ್ತು ತನ್ನ ಗ್ಲೈಕೋಜನ್ ಕರಗಿಸಿ ರಕ್ತಕ್ಕೆ ಗ್ಲೂಕೋಸ್ ಕಳಿಸುತ್ತದೆ. ದೊಡ್ಡವರ ಯಕೃತ್ತಿನಲ್ಲೂ ಈ ದಾಸ್ತಾನು ಸುಮಾರು 100 ಗ್ರಾಂ ಅಷ್ಟೇ. ಬೆಳಗಾಗುವಷ್ಟರಲ್ಲಿ ಅದರ ದೊಡ್ಡ ಭಾಗ ಖರ್ಚಾಗಿರುತ್ತದೆ.

ಆಮೇಲೂ ಊಟ ಬರದಿದ್ದರೆ ದೇಹ ಬೇರೆ ದಾರಿ ಹುಡುಕುತ್ತದೆ. ಕೊಬ್ಬು ಕರಗಿಸುತ್ತದೆ ನಿಜ, ಜೊತೆಗೆ ಸ್ನಾಯುಗಳ ಪ್ರೋಟೀನನ್ನೂ ಒಡೆದು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ನಿಮ್ಮ ಬೆಳವಣಿಗೆಗೆ ಬೇಕಾದ ಪ್ರೋಟೀನು ಒಲೆಗೆ ಬಿದ್ದಂತೆ. ಆ ಹುಡುಗಿಯ ವಿಷಯದಲ್ಲಿ ಖಾಲಿ ಹೊಟ್ಟೆ, ಕುಡಿಯದ ನೀರು, ಬಿಸಿಲಲ್ಲಿ ನಿಂತದ್ದು, ಕಡಿಮೆ ರಕ್ತ, ನಾಲ್ಕೂ ಸೇರಿಕೊಂಡಿದ್ದವು.

"ಮುಂಜಾನಿ ಹಸಿವೇ ಆಗೂದಿಲ್ರಿ ಸರ್" ಎಂದು ಕೆಲವರು ಹೇಳುತ್ತಾರೆ. ಅದೂ ಸುಳ್ಳಲ್ಲ. ಹಸಿವೆ ತಿಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೊಟ್ಟೆಯಿಂದ ಬರುತ್ತದೆ. ನೀವು ರೂಢಿಯಾಗಿ ಉಣ್ಣುವ ಹೊತ್ತಿಗೆ ಅದು ಏರುತ್ತದೆ. ರಜೆಯಲ್ಲಿ ಒಂಬತ್ತಕ್ಕೆ ಎದ್ದು, ಹತ್ತಕ್ಕೆ ಫರಾಳ ತಿಂದು, ಮೂರಕ್ಕೆ ಉಂಡು, ರಾತ್ರಿ ಹನ್ನೊಂದಕ್ಕೆ ಮತ್ತೆ ಉಂಡರೆ ಹೊಟ್ಟೆಯ ಗಡಿಯಾರ ಹಾಗೆಯೇ ಹೊಂದಿಕೊಂಡಿರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಲು ಕೆಲವು ದಿನ ಬೇಕು. ರಾತ್ರಿ ಊಟ ಬೇಗ ಮುಗಿಸಿರಿ. ಮುಂಜಾನೆ ಮೊದಲೆರಡು ದಿನ ಅರ್ಧ ರೊಟ್ಟಿ, ಒಂದು ಬಟ್ಟಲು ಹಾಲು ಸಾಕು. ದಿನಾ ಅದೇ ಹೊತ್ತಿಗೆ ತಿನ್ನುತ್ತಾ ಹೋದರೆ ಹಸಿವೆಯೂ ಅದೇ ಹೊತ್ತಿಗೆ ಬರುತ್ತದೆ.

ಕುಡಿಯುವುದರ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ, ಮೇಲಿನಿಂದ ಹಾಕಿದ ಸಕ್ಕರೆ, ಬೆಲ್ಲ, ಜೇನುತುಪ್ಪ, ಹಣ್ಣಿನ ರಸದ ಸಕ್ಕರೆ ಎಲ್ಲಾ ಸೇರಿ ದಿನದ ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಇರಬೇಕು. ದಿನಕ್ಕೆ 2,000 ಕಿಲೋಕ್ಯಾಲರಿ ಎಂದು ಹಿಡಿದರೆ 50 ಗ್ರಾಂ. ಈಗ ರಜೆಯ ಒಂದು ದಿನ ಕೂಡಿಸೋಣ. ಮೂರು ಉಂಡಿಯಲ್ಲಿ 40 ಗ್ರಾಂ ಸಕ್ಕರೆ. ಎರಡೆರಡು ಚಮಚದ ಎರಡು ಕಪ್ ಚಹಾದಲ್ಲಿ ಸುಮಾರು 20 ಗ್ರಾಂ. 250 ಮಿಲಿಲೀಟರಿನ ಒಂದು ಕೋಲಾದಲ್ಲಿ ಸುಮಾರು 26 ಗ್ರಾಂ. ಒಟ್ಟು 86!

ಉಂಡಿಯೊಳಗೆ ಸಕ್ಕರೆ ಇರುವುದು ನಾಲಿಗೆಗೆ ಗೊತ್ತು. ತಣ್ಣನೆಯ ಬಾಟಲಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಹಬ್ಬಕ್ಕೆ ಬೀಗರು ಬಂದಾಗ ತಂದ ಬಾಟಲಿ ಶಾಲೆ ಶುರುವಾದ ಮೇಲೂ ಅಂಗಡಿಯಿಂದ ಬರುತ್ತಲೇ ಇದ್ದರೆ ಅದು ರೂಢಿಯಾಯಿತು ಎಂದು ತಿಳಿಯಿರಿ.

ಚಳಿ ಬಿದ್ದಾಗ ಬಾಯಾರಿಕೆ ಕಡಿಮೆ. ಆದರೂ ಉಸಿರು, ಚರ್ಮ, ಮೂತ್ರದಿಂದ ನೀರು ಹೋಗುತ್ತಲೇ ಇರುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ, ಗಾಢ ಹಳದಿ ಇದ್ದರೆ ಸಾಲದು ಎಂಬ ಗುರುತು ನೆನಪಿಡಿ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯದೆ ಇರುವ ಹುಡುಗಿಯರು ಇದ್ದಾರೆಂದು ನನಗೆ ಗೊತ್ತು. ಅದು ನಿಮ್ಮ ತಪ್ಪಲ್ಲ, ನಾವು ದೊಡ್ಡವರು ಸರಿಪಡಿಸಬೇಕಾದ ಕೆಲಸ. ಬಾಯಿಂದ ಹೇಳಲು ಸಂಕೋಚವಾದರೆ ಚೀಟಿ ಬರೆದು ನಿಮ್ಮ ಶಿಕ್ಷಕರಿಗೆ ಕೊಡಿರಿ.

ಇನ್ನು, "ಹಬ್ಬದ ವಿಷ ತೆಗೆಯುವ" ಪುಡಿ, ಕಷಾಯಗಳ ಜಾಹೀರಾತು ಈ ಹೊತ್ತಿಗೇ ಬರುತ್ತವೆ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗಿ, ಉಳಿದದ್ದು ರಕ್ತಕ್ಕೆ ಮರಳುತ್ತದೆ. ಯಕೃತ್ತು ಹಗಲೂ ರಾತ್ರಿ ತನ್ನ ಕೆಲಸ ಮಾಡುತ್ತದೆ. ಇವಕ್ಕೆ ನಿಮ್ಮಿಂದ ಬೇಕಾದದ್ದು ನೀರು ಮತ್ತು ಹೊತ್ತಿಗೆ ಸರಿಯಾದ ಊಟ. ಬಿಸಿನೀರಿಗೆ ಲಿಂಬಿ ಹಿಂಡಿ ಕುಡಿಯುವುದರಿಂದ ತೊಂದರೆಯಿಲ್ಲ, ಆದರೆ ಅದು ಕೊಬ್ಬು ಕರಗಿಸುವುದಿಲ್ಲ.

ಡಬ್ಬಿಯ ತಳದಲ್ಲಿ ಉಳಿದದ್ದು

ಉಳಿದ ಚೂಡಾ ತಿನ್ನುವ ಮೊದಲು ಮೂಸಿ ನೋಡಿರಿ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಬಿಟ್ಟುಬಿಡಿರಿ. ಎಣ್ಣೆಯ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಗಾಳಿಯ ಆಕ್ಸಿಜನ್ ಜೊತೆ ಕೂಡಿದಾಗ ಈ ವಾಸನೆ ಹುಟ್ಟುತ್ತದೆ. ಬೆಳಕು, ಬಿಸಿ ಇದ್ದರೆ ಬೇಗ ಆಗುತ್ತದೆ. ಚೂಡಾದೊಳಗಿನ ಶೇಂಗಾದಲ್ಲೂ ಎಣ್ಣೆ ಇದೆ, ಮರೆಯಬೇಡಿರಿ. ಡಬ್ಬಿ ಖಾಲಿಯಾಗುತ್ತಾ ಹೋದಂತೆ ಒಳಗೆ ಗಾಳಿಯ ಪಾಲು ಹೆಚ್ಚುತ್ತದೆ. ಆದ್ದರಿಂದ ಉಳಿದದ್ದನ್ನು ಸಣ್ಣ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಚಕ್ಕುಲಿ ಕರಿದು ಉಳಿದ ಕಪ್ಪು ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಬೇಡವೆಂದು ಮನೆಯಲ್ಲಿ ಹೇಳಿರಿ. ಪ್ರತಿ ಸಲ ಕಾಯಿಸಿದಾಗಲೂ ಅದು ಇನ್ನಷ್ಟು ಕೆಡುತ್ತದೆ.

ಮತ್ತೆ ರೊಟ್ಟಿಗೆ

ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆ ಚಳಿಗಾಲದ ತಾಟು ಬಡವಲ್ಲ. ಜೋಳದ ರೊಟ್ಟಿ, ಬೇಳೆ, ಮೆಂತ್ಯದ ಪಲ್ಯ, ಹಸಿ ಹಕ್ಕರಕಿ, ಮೂಲಂಗಿ, ಗಜ್ಜರಿ, ಶೇಂಗಾ ಹಿಂಡಿ, ಮಜ್ಜಿಗೆ. ಹೊಲದ ಬದುವಿನಲ್ಲಿ ಬಾರಿಹಣ್ಣು, ಸಂತೆಯಲ್ಲಿ ಪೇರಲ, ನೆಲ್ಲಿಕಾಯಿ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ. ಆದರೆ ಧಾನ್ಯದ ಕಬ್ಬಿಣ ಅಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಜೊತೆಗೆ ಪೇರಲ, ನೆಲ್ಲಿ ಅಥವಾ ಲಿಂಬಿಯ ಸಿ ಜೀವಸತ್ವ ಇದ್ದರೆ ಹೆಚ್ಚು ಸೇರುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಡಿಮೆ ಸೇರುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಗುಳಿಗೆಗೂ ಇದೇ ಮಾತು. ಅದನ್ನು ಊಟವಾದ ಮೇಲೆ ನೀರಿನ ಜೊತೆ ನುಂಗಿರಿ.

ಮಾಡಿ ನೋಡಿರಿ

1. ಒಂದು ಬಿಳಿ ಕಾಗದದ ಮೇಲೆ ಚಕ್ಕುಲಿ, ಚುರುಮರಿ, ರೊಟ್ಟಿಯ ಚೂರುಗಳನ್ನು ಬೇರೆ ಬೇರೆ ಇಟ್ಟು ಒತ್ತಿರಿ. ಹತ್ತು ನಿಮಿಷದ ನಂತರ ತೆಗೆದು, ಕಾಗದ ಒಣಗಿದ ಮೇಲೆ ಬೆಳಕಿಗೆ ಹಿಡಿಯಿರಿ. ಯಾವುದರ ಕಲೆಯ ಮೂಲಕ ಬೆಳಕು ಕಾಣುತ್ತದೆ? ಯಾಕೆ?

2. ಒಂದು ಹಿಡಿ ಚೂಡಾವನ್ನು ತೆರೆದ ಬಟ್ಟಲಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲಿಡಿರಿ. ಇನ್ನೊಂದು ಹಿಡಿಯನ್ನು ಸಣ್ಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿರಿ. ಹತ್ತು ದಿನದ ನಂತರ ಎರಡನ್ನೂ ಮೂಸಿ ಹೋಲಿಸಿರಿ. ತಿನ್ನಬೇಡಿರಿ.

3. ಏಳು ದಿನ ಒಂದು ಪುಟದಲ್ಲಿ ಬರೆಯಿರಿ: ಮುಂಜಾನೆ ಎಷ್ಟು ಗಂಟೆಗೆ, ಏನು ತಿಂದೆ? ಶಾಲೆಯಲ್ಲಿ ಎಷ್ಟು ಲೋಟ ನೀರು ಕುಡಿದೆ? ಎರಡನೆಯ ತಾಸಿಗೆ ನಿದ್ದೆ ಬಂತೋ ಇಲ್ಲವೋ? ತೂಕ ಬರೆಯುವುದು ಬೇಡ.

ಮೂರನೆಯದನ್ನು ನಾನು ನನ್ನ ತರಗತಿಯಲ್ಲಿ ಪ್ರತಿ ವರ್ಷ ರಜೆಯ ನಂತರ ಮಾಡಿಸುತ್ತೇನೆ. ನನ್ನ ಪುಟವನ್ನೂ ಗೋಡೆಗೆ ಅಂಟಿಸುತ್ತೇನೆ. ಅದರಲ್ಲಿ ಚಹಾದ ಸಾಲು ಉದ್ದವಾಗಿರುವುದನ್ನು ಮಕ್ಕಳು ನನಗೆ ತೋರಿಸಿ ನಗುತ್ತಾರೆ, ನಗಲಿ. ಆ ಹುಡುಗಿ ಮರುವರ್ಷ ಹತ್ತನೆಯ ತರಗತಿಯಲ್ಲಿದ್ದಾಗ ದೀಪಾವಳಿ ಆದ ಮೇಲೆ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟಳು. "ಉಂಡಿ ತಗೋರಿ ಸರ್, ಒಂದ ರೊಟ್ಟಿಗೆ ಸಮ ಐತ್ರಿ" ಅಂದಳು.

ಇನ್ನು ಸ್ವಲ್ಪ ದಿನದಲ್ಲೇ ಎಳ್ಳಮಾವಾಸ್ಯೆ ಬರುತ್ತದೆ. ಹೊಲಕ್ಕೆ ಹೋಗಿ ಸಜ್ಜಿರೊಟ್ಟಿ, ಭಜ್ಜಿಪಲ್ಯ ಹೊಟ್ಟೆತುಂಬ ಉಣ್ಣಿರಿ. ಮರುದಿನ ಮುಂಜಾನೆ ಎಂದಿನಂತೆ ನಾಷ್ಟಾ ಮಾಡಿಯೇ ಶಾಲೆಗೆ ಬರ್ರಿ.